ಇಲ್ಲದ ಎಮ್ಮೆಗೆ ಔಷಧ

ಅವರು ತೀರಿಕೊಂಡ ದಿನ ನಾನು ಪತ್ರಿಕೆಗೆ ಕಳಿಸಿದ್ದು ಒಂದು ಸಣ್ಣ ಪ್ಯಾರಾ. ಬೈಲಹೊಂಗಲದ ಹಿರಿಯ ಔಷಧ ವ್ಯಾಪಾರಿ ನಿಧನ, ಪತ್ನಿ, ಮಗ ಹಾಗೂ ಅಪಾರ ಬಂಧುಬಳಗವಿದೆ, ಅಂತ್ಯಕ್ರಿಯೆ ಸಂಜೆ. ಡೆಸ್ಕಿನವರು ಅದರಲ್ಲೂ ‘ಅಪಾರ’ ತೆಗೆದರು. ಅಚ್ಚಾದದ್ದೆಲ್ಲ ನಿಜ. ಆದರೆ ಆ ಮನುಷ್ಯ ಅದರಲ್ಲಿ ಎಲ್ಲೂ ಇರಲಿಲ್ಲ. ಆ ಪ್ಯಾರಾಕ್ಕೆ ಇದೊಂದು ತಡವಾದ ಪುರವಣಿ ಎಂದುಕೊಳ್ಳಬಹುದು.

ಹೆಸರು ಇಲ್ಲಿಯೂ ಬರೆಯುವುದಿಲ್ಲ. ಊರಲ್ಲಿ ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಅಂಗಡಿ ತಪಾಸಣೆಗೆ ಬರುವ ಅಧಿಕಾರಿಗಳು ಮಾತ್ರ. ಉಳಿದವರಿಗೆಲ್ಲ ಅವರು ಕಾಕಾ. ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ಅವರ ಔಷಧ ಅಂಗಡಿ. ದೊಡ್ಡ ದೇಹ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯ ಮೇಲೆ ಏರಿಸಿಟ್ಟ ಕನ್ನಡಕ. ಆ ಕನ್ನಡಕ ಕಣ್ಣಿಗೆ ಇಳಿದದ್ದನ್ನು ನಾನು ಕಂಡಿಲ್ಲ. ವೈದ್ಯರ ಚೀಟಿಯನ್ನು ತೋಳುದ್ದ ಹಿಡಿದು ಓದುತ್ತಿದ್ದರು. ಓದಿದ್ದನ್ನು ಇಡೀ ಬೀದಿಗೆ ಕೇಳುವಂತೆ ಹೇಳುತ್ತಿದ್ದರು.

ಅದು ಅವರ ವ್ಯಾಪಾರದ ಪದ್ಧತಿ. ಗಿರಾಕಿ ಮೆಟ್ಟಿಲು ಹತ್ತುವ ಮೊದಲೇ ಕಾಯಿಲೆ ಗಲ್ಲಾದ ಮೇಲೆ ಬಂದು ಕೂತಿರುತ್ತಿತ್ತು. ‘ಏ ಗೌಡ್ರ, ಕಜ್ಜಿ ಕಡಿಮಿ ಆತೇನ್ರಿ?’ ‘ಮಾಸ್ತರ, ಜಂತಿನ ಗುಳಿಗಿ ಮಕ್ಕಳಿಗಷ್ಟ ಅಲ್ರಿ, ನೀವೂ ತಗೋರಿ.’ ಊರಿನ ಗಣ್ಯರು ಮುಖ ತಗ್ಗಿಸಿ ಪೊಟ್ಟಣ ಹಿಡಿದು ಹೋಗುತ್ತಿದ್ದರು. ಮರುವಾರ ಮತ್ತೆ ಅಲ್ಲಿಗೇ ಬರುತ್ತಿದ್ದರು. ಇದೇಕೆಂದು ನಾನು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ನಾನು ಎದುರಿನ ಚಹಾದಂಗಡಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದೆ. ಯಾವ ಓಣಿಯಲ್ಲಿ ವಾಂತಿಭೇದಿ, ಯಾವ ಹಳ್ಳಿಯಲ್ಲಿ ಚಿಕೂನ್‌ಗುನ್ಯಾ ಎಂಬುದು ಆರೋಗ್ಯ ಇಲಾಖೆಗಿಂತ ಮೊದಲು ನನಗೆ ತಿಳಿಯುತ್ತಿದ್ದದ್ದು ಹೀಗೆ. ವಿಶ್ವಸನೀಯ ಮೂಲಗಳ ಪ್ರಕಾರ ಎಂದು ನಾನು ಬರೆದ ಸುದ್ದಿಗಳಲ್ಲಿ ಅರ್ಧಕ್ಕೆ ಆ ಗಂಟಲೇ ಮೂಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಆ ಗಂಟಲಿಗೆ ನಾನೇ ಹೆದರಬೇಕಾದ ಕಾಲ ಬಂತು.

ನನಗೂ ಸುಮಂಗಲಾಗೂ ಮದುವೆಯಾಗಿ ಬಹಳ ವರ್ಷವಾದರೂ ಮಕ್ಕಳಿರಲಿಲ್ಲ. ಅವಳು ಸಂಗೊಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ, ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಬೆಳಗಾವಿಯ ವೈದ್ಯರು ಪುಣೆಗೆ ಕಳಿಸಿದರು. ಅವಳ ಅಂಡಾಶಯ ವಯಸ್ಸಿಗೆ ಮೊದಲೇ ಕೆಲಸ ನಿಲ್ಲಿಸಿದೆ ಎಂದರು ಪುಣೆಯವರು. ಬೇರೊಬ್ಬ ಹೆಣ್ಣುಮಗಳು ದಾನ ಕೊಟ್ಟ ಅಂಡದಿಂದ ಭ್ರೂಣ ಬೆಳೆಸಿ ಇವಳ ಗರ್ಭದಲ್ಲಿ ಇಡಬಹುದು, ಇರುವ ದಾರಿ ಅದೊಂದೇ. ಆ ಮಾತು ಕೇಳಿ ನಾನು ಪತ್ರಿಕಾಗೋಷ್ಠಿಯಲ್ಲಿ ಕೂತವನಂತೆ ಪೂರಕ ಪ್ರಶ್ನೆ ಕೇಳತೊಡಗಿದೆ. ಕಾನೂನು ಏನು, ಸಮಾಜ ಏನೆನ್ನುತ್ತದೆ, ಮುಂದೆ ಮಗುವಿಗೆ ಏನು ಹೇಳುವುದು. ಸುಮಂಗಲಾ ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ, ‘ನನ್ನ ಸಾಲ್ಯಾಗ ಅಷ್ಟು ಮಕ್ಕಳದಾವು. ಯಾವೂ ನನ್ನ ತತ್ತಿಯಿಂದ ಬಂದಿಲ್ಲ. ಎಲ್ಲಾ ನನ್ನ ಮಾತು ಕೇಳ್ತಾವು. ಕೇಳದವರು ನೀವೊಬ್ರ,’ ಎಂದಳು. ಗೋಷ್ಠಿ ಅಲ್ಲಿಗೆ ಮುಗಿಯಿತು.

ಎರಡು ಸಲ ಭ್ರೂಣ ಇಟ್ಟರು, ಎರಡೂ ಸಲ ನಿಲ್ಲಲಿಲ್ಲ. ಮೂರನೆಯದೇ ಕೊನೆಯದು ಎಂದು ನಾವಿಬ್ಬರೂ ನಿರ್ಧರಿಸಿದ್ದೆವು. ಅವಳ ದೇಹಕ್ಕೂ ಮನಸ್ಸಿಗೂ ಅದಕ್ಕಿಂತ ಹೆಚ್ಚು ತಡೆಯುವ ಶಕ್ತಿ ಇರಲಿಲ್ಲ. ಈ ಸಲ ವೈದ್ಯರು ಔಷಧ ಬಿಗಿ ಮಾಡಿದರು. ಗರ್ಭದ ಒಳಪದರು ದಪ್ಪವಾಗಲು ಮೊದಲು ಗುಳಿಗೆ. ಭ್ರೂಣ ಅಂಟಿಕೊಂಡು ನಿಲ್ಲಲು ಆಮೇಲೆ ಪ್ರತಿದಿನ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನಿನ ಇಂಜೆಕ್ಷನ್, ಎಣ್ಣೆಯಲ್ಲಿ ಕರಗಿಸಿದ್ದು. ತಾನಾಗಿ ಗರ್ಭ ಧರಿಸಿದ ಹೆಂಗಸಿಗೆ ಇದನ್ನು ದೇಹವೇ ಒದಗಿಸುತ್ತದೆ. ಇವಳಿಗೆ ಹೊರಗಿನಿಂದಲೇ ಕೊಡಬೇಕು. ಮೂರನೇ ತಿಂಗಳ ಹೊತ್ತಿಗೆ ಮಾಸು ಬೆಳೆದು ಆ ಕೆಲಸ ವಹಿಸಿಕೊಳ್ಳುತ್ತದೆ, ಅಲ್ಲಿಯವರೆಗೆ ಒಂದು ದಿನವೂ ತಪ್ಪಬಾರದು ಎಂದು ವೈದ್ಯರು ಬರೆದುಕೊಟ್ಟರು.

ಇದನ್ನು ಯಾರಿಗೂ ಹೇಳುವಂತಿರಲಿಲ್ಲ. ಹಿಂದಿನ ಎರಡು ಸೋಲು ನನ್ನ ಅವ್ವನನ್ನು ನಮಗಿಂತ ಹೆಚ್ಚು ಕುಗ್ಗಿಸಿದ್ದವು. ನಿಂತಿತು ಎಂದು ಖಚಿತವಾಗುವವರೆಗೆ ಅತ್ತೆಗೆ ತಿಳಿಸುವುದು ಬೇಡ ಎಂದಳು ಸುಮಂಗಲಾ. ದಾನದ ಅಂಡದ ಮಾತಂತೂ ಯಾರಿಗೂ ಎಂದಿಗೂ ಬೇಡ. ಎರಡೂ ಕಡೆಯ ಬಂಧುಗಳಲ್ಲಿ ಯಾರಾದರೊಬ್ಬರು ತೊಟ್ಟಿಲ ಮುಂದೆ ನಿಂತು ಇದು ಯಾರ ಕೂಸು ಎಂದು ಕೇಳುವವರಿದ್ದರು. ನನಗಿದ್ದ ದೊಡ್ಡ ಭಯ ಅದೇ. ಅಂಥ ಔಷಧದ ಚೀಟಿಯನ್ನು ಕಾಕಾ ಕೈಗೆ ಕೊಡುವುದೂ ಬಸ್ ನಿಲ್ದಾಣದಲ್ಲಿ ಮೈಕ್ ಹಿಡಿಯುವುದೂ ಒಂದೇ.

ಆದ್ದರಿಂದ ನಾನು ಜಾಣತನ ಮಾಡಿದೆ. ಸುದ್ದಿಯ ನೆಪದಲ್ಲಿ ಹೇಗೂ ತಿರುಗುತ್ತಿದ್ದೆನಲ್ಲ, ಸವದತ್ತಿಯಲ್ಲಿ ಸ್ವಲ್ಪ, ಕಿತ್ತೂರಿನಲ್ಲಿ ಸ್ವಲ್ಪ, ರಾಮದುರ್ಗದಲ್ಲಿ ಸ್ವಲ್ಪ ಕೊಳ್ಳುವುದೆಂದು ಗೊತ್ತುಮಾಡಿದೆ. ಸವದತ್ತಿಯ ಅಂಗಡಿಯಲ್ಲಿ ಆ ಗುಳಿಗೆಯೂ ನಾಲ್ಕಾರು ಇಂಜೆಕ್ಷನ್ನೂ ಸಿಕ್ಕವು. ಇನ್ನಷ್ಟು ತರಿಸಿಡಲು ಹೇಳಿದೆ. ಅಂಗಡಿಯವನು, ‘ಯಾರಿಗ್ರಿ ಇಷ್ಟು?’ ಎಂದ. ಮಂತ್ರಿಗಳನ್ನು ಪ್ರಶ್ನೆ ಕೇಳಿ ಅಭ್ಯಾಸವಿದ್ದವನಿಗೆ ಉತ್ತರ ಕೊಟ್ಟು ಅಭ್ಯಾಸವಿರಲಿಲ್ಲ. ಗಬ್ಬದ ದನಗಳಿಗೂ ಇಂಥ ಔಷಧ ಕೊಡುತ್ತಾರೆಂದು ಎಲ್ಲೋ ಓದಿದ್ದೆ. ಎಮ್ಮೆಗೆ ಎಂದೆ. ಯಾರ ಎಮ್ಮೆ ಎಂದ. ಆ ಕ್ಷಣದಲ್ಲಿ ನನ್ನ ತಲೆಯಲ್ಲಿ ಇದ್ದದ್ದು ನಾನು ಯಾರಿಗೆ ಹೆದರಿ ಅಲ್ಲಿಗೆ ಬಂದಿದ್ದೆನೋ ಆ ಒಬ್ಬ ಮನುಷ್ಯ. ‘ಬೈಲಹೊಂಗಲದ ಕಾಕಾ ಅವರದು’ ಎಂದುಬಿಟ್ಟೆ.

ಒಂದು ಸುದ್ದಿಯ ಎರಡು ಆವೃತ್ತಿಗಳು ತಾಳೆಯಾಗಬೇಕು ಎಂಬುದು ನಮ್ಮ ಕಸುಬಿನ ನಿಯಮ. ಹಾಗಾಗಿ ಕಿತ್ತೂರಿನಲ್ಲೂ ರಾಮದುರ್ಗದಲ್ಲೂ ಅದನ್ನೇ ಹೇಳಿದೆ.

ಆ ಕಂಪನಿಯ ಔಷಧಗಳನ್ನು ಈ ನಾಲ್ಕೂ ಊರಿಗೆ ಸರಬರಾಜು ಮಾಡುವ ಏಜೆನ್ಸಿ ಕಾಕಾ ಅವರದೇ ಆಗಿತ್ತು. ನನಗೆ ಇದು ಗೊತ್ತಿರಲಿಲ್ಲ ಎಂದು ಹೇಳುವಂತಿಲ್ಲ. ನಮ್ಮ ಪತ್ರಿಕೆಯ ವ್ಯಾಪಾರ ಪುರವಣಿಯಲ್ಲಿ ಅವರ ಚಿತ್ರದೊಂದಿಗೆ ಅದನ್ನು ಬರೆದವನು ನಾನೇ. ಮೂರೂ ಊರಿನ ಅಂಗಡಿಯವರು ಕಾಕಾಗೆ ಫೋನ್ ಮಾಡಿ, ನಿಮ್ಮ ಎಮ್ಮೆಗೆ ಬೇಕಾದ ಇಂಜೆಕ್ಷನ್ ನಮ್ಮಲ್ಲಿ ಸಾಲದು, ನೀವೇ ಕಳಿಸಿಕೊಡಿ, ನಾವು ನಿಮಗೆ ಕೊಡುತ್ತೇವೆ ಎಂದರಂತೆ. ಕಾಕಾ ಎಮ್ಮೆ ಕಟ್ಟಿರಲಿಲ್ಲ. ಅವರ ಮನೆಗೆ ಹಾಲು ಪಾಕೀಟಿನಲ್ಲಿ ಬರುತ್ತಿತ್ತು.

ರಾಮದುರ್ಗಕ್ಕೆ ಔಷಧ ಒಯ್ಯಲು ಹೋದಾಗ ಅಂಗಡಿಯ ಒಳಗೆ ಸ್ಟೂಲಿನ ಮೇಲೆ ಕೂತು ಕಾಕಾ ಚಹಾ ಕುಡಿಯುತ್ತಿದ್ದರು. ನಾನು ಹಿಂದಿರುಗಲು ನೋಡಿದೆ. ಅಷ್ಟರಲ್ಲಿ ಅಂಗಡಿಯ ಮಾಲೀಕ ನನ್ನನ್ನು ಕಂಡು, ಸರಿಯಾದ ಹೊತ್ತಿಗೆ ಬಂದಿರಿ, ಎಮ್ಮೆಯ ಮಾಲಕರೂ ಇಲ್ಲೇ ಇದ್ದಾರೆ ಎಂದ. ಕಾಕಾನ ಕಡೆ ತಿರುಗಿ, ‘ಹ್ಯಾಂಗೈತ್ರಿ ನಿಮ್ಮ ಎಮ್ಮಿ?’ ಎಂದು ಕೇಳಿದ.

ಕಾಕಾ ನನ್ನ ಮುಖ ನೋಡಿದರು. ಅಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ಬಟ್ಟಲು ಕೆಳಗಿಟ್ಟು, ಎಂದಿನ ದನಿಯಲ್ಲಿ, ‘ಗಬ್ಬ ಐತಿ. ಆದ್ರ ಭಾಳ ನಾಜೂಕ ಐತಿ. ನನ್ನ ಕಡೆ ಮಾಲು ತೀರಿತ್ತು, ಅದಕ್ಕ ಇವರನ್ನ ಕಳಿಸಿದ್ದೆ,’ ಎಂದರು.

ಪತ್ರಿಕೆಯವರು ಎಮ್ಮೆಯ ಔಷಧಕ್ಕೆ ಇಷ್ಟು ದೂರ ಯಾಕೆ ಬಂದರು ಎಂದು ಮಾಲೀಕನಿಗೆ ಅನುಮಾನ. ಅದಕ್ಕೂ ಕಾಕಾ ತಡಮಾಡಲಿಲ್ಲ.

‘ಅವರದೂ ಒಂದು ಕೆಲಸ ಇತ್ತೋ ಮಾರಾಯಾ. ಮೂಲವ್ಯಾಧಿ. ನಮ್ಮೂರಾಗ ಮುಲಾಮು ತಗೊಳ್ಳಾಕ ನಾಚಿಕಿ ಅವರಿಗೆ. ಕೊಡು ಒಂದು ಟ್ಯೂಬ್.’

ಅಂಗಡಿಯ ಮುಂದೆ ನಿಂತಿದ್ದವರೆಲ್ಲ ನನ್ನನ್ನು ನೋಡಿದರು. ಬೆಂಚಿನ ಮೇಲಿದ್ದ ಒಬ್ಬರು ಎದ್ದು, ಕೂರಲು ಜಾಗ ಬಿಡಬೇಕೋ ಬಿಡಬಾರದೋ ಎಂಬ ಗೊಂದಲದಲ್ಲಿ ನಿಂತೇ ಇದ್ದರು. ನಾನು ಮುಲಾಮು ಕೊಂಡೆ.

ಊರಿಗೆ ಒಂದೇ ಬಸ್ಸಿನಲ್ಲಿ ಮರಳಿದೆವು. ಕಟಕೋಳದವರೆಗೂ ಕಾಕಾ ಮಾತಾಡಲಿಲ್ಲ. ಅವರು ಅಷ್ಟು ಹೊತ್ತು ಸುಮ್ಮನಿದ್ದದ್ದು ನನಗೆ ಆ ಕೂಗಿಗಿಂತ ಹೆಚ್ಚು ದಿಗಿಲು ಹುಟ್ಟಿಸಿತು. ಕಟಕೋಳದಲ್ಲಿ ಬಸ್ ನಿಂತಾಗ ಜನ ಇಳಿದರು. ಆಗ ನನ್ನ ಪಕ್ಕದಲ್ಲಿ ಯಾರೋ ಬೇರೆಯವರು ಮಾತಾಡಿದಂತಾಯಿತು. ಅಷ್ಟು ಸಣ್ಣ ದನಿ ಅವರಿಗೆ ಇದೆಯೆಂದೇ ನನಗೆ ತಿಳಿದಿರಲಿಲ್ಲ.

‘ನನ್ನ ಎಮ್ಮಿ ಯಾವುದು ಅಂತ ನೋಡಾಕ ಬಂದಿದ್ದೆ,’ ಎಂದರು. ‘ಎಷ್ಟನೇ ಸಲ್ರಿ?’

‘ಮೂರನೇದು. ಇದು ಕಡೀದು.’

‘ನೀವು ಒಯ್ದ ಗುಳಿಗಿ ಹೆಸರೂ ಅಂಗಡಿಯವರ ಕಡೆ ಕೇಳೇನಿ. ತಿಳೀತು ನನಗ. ಉಳಿದದ್ದು ನಾ ಕೇಳೂದಿಲ್ಲ, ನೀವು ಹೇಳಬ್ಯಾಡ್ರಿ.’ ಕಿಟಕಿಯ ಆಚೆ ನೋಡುತ್ತ, ‘ಜನಕ್ಕ ಬಾಯಾಗ ಹಾಕ್ಕೊಳ್ಳಾಕ ಏನರ ಬೇಕ್ರಿ, ಪೇಪರ್ ಸಾಹೇಬ್ರ. ನಾವಾಗೇ ಒಂದು ಕೊಟ್ರ ಅದನ್ನ ಅಗಕೋತ ಕುಂಡ್ರತಾರ. ಕೊಡಲಿಲ್ಲಂದ್ರ ಒಳಗ ಬಂದು ಹುಡುಕತಾರ. ನೀವು ಪೇಪರ್‌ನ್ಯಾವ್ರು, ಇದು ನಾ ಹೇಳಬೇಕೇನು?’ ಎಂದರು.

ಹೇಳಬೇಕಾಗಿತ್ತು. ಬಸ್ಸು ಊರು ಮುಟ್ಟುವ ಹೊತ್ತಿಗೆ ನನ್ನ ತಲೆಯಲ್ಲಿ ಹಳೆಯ ಸುದ್ದಿಗಳೆಲ್ಲ ಒಂದೊಂದಾಗಿ ಕುಸಿಯತೊಡಗಿದ್ದವು. ಗೌಡರಿಗೆ ಕಜ್ಜಿ ಇತ್ತೇ? ಮಾಸ್ತರರ ಪೊಟ್ಟಣದಲ್ಲಿ ಇದ್ದದ್ದು ಜಂತಿನ ಗುಳಿಗೆಯೇ? ವರ್ಷಗಟ್ಟಲೆ ಚಹಾದಂಗಡಿಯಲ್ಲಿ ಕೂತು ನಾನು ಸಂಗ್ರಹಿಸಿದ ಈ ಊರಿನ ಆರೋಗ್ಯದ ಇತಿಹಾಸದಲ್ಲಿ ಎಷ್ಟು ನಿಜ, ಎಷ್ಟು ಕಾಕಾ, ಇವತ್ತಿಗೂ ನನಗೆ ಗೊತ್ತಿಲ್ಲ. ವಾಂತಿಭೇದಿಯ ಸುದ್ದಿಗಳು ಮಾತ್ರ ನಿಜವಾಗಿದ್ದವು. ಊರಿಗೆ ತಿಳಿಯಬೇಕಾದದ್ದನ್ನೂ ತಿಳಿಯಬಾರದ್ದನ್ನೂ ಅವರು ಒಂದೇ ದನಿಯಲ್ಲಿ ಕೂಗುತ್ತಿದ್ದರು.

ಮುಂದಿನ ವಾರದಿಂದ ನನ್ನ ಕಾಯಿಲೆ ಬಜಾರಿಗೆ ಬಂತು. ‘ಏನ್ರೀ ಪೇಪರ್ ಸಾಹೇಬ್ರ, ಕುಂಡ್ರಾಕ ಬರತೈತೇನ್ರಿ ಈಗ?’ ಎಂದು ಕೇಳಿ ಕಾಕಾ ಪೊಟ್ಟಣ ಕೊಡುತ್ತಿದ್ದರು. ಒಳಗೆ ಇಂಜೆಕ್ಷನ್‌ಗಳು, ಸಿರಿಂಜು, ಹತ್ತಿ. ಊರು ನನ್ನ ಮೇಲೆ ಇಷ್ಟು ಪ್ರೀತಿಯಿಟ್ಟಿದೆ ಎಂದು ನನಗೆ ತಿಳಿದದ್ದೇ ಆಗ. ತಹಶೀಲ್ದಾರರು ಪತ್ರಿಕಾಗೋಷ್ಠಿಯಲ್ಲಿ ನನಗೆ ದಿಂಬು ಹಾಕಿಸಿದರು. ನಾನು ಟೀಕಿಸಿ ಬರೆದಿದ್ದ ಪುರಸಭೆ ಸದಸ್ಯರೊಬ್ಬರು ಹಳೆಯದನ್ನೆಲ್ಲ ಮರೆತು, ಮೂಲವ್ಯಾಧಿಗೆ ಒಳ್ಳೆಯದೆಂದು ಸುವರ್ಣಗಡ್ಡೆ ಕಳಿಸಿದರು. ಸುದ್ದಿ ಮನೆಗೂ ಬಂತು. ಅವ್ವ ಖಾರ ನಿಲ್ಲಿಸಿದಳು. ಕೆಂಪು ಚಟ್ನಿ, ಮಿರ್ಚಿ ಭಜಿ, ಉಪ್ಪಿನಕಾಯಿ ಎಲ್ಲ ಹೋಗಿ, ಮಜ್ಜಿಗೆ ಅನ್ನ ಬಂತು. ಹೆಂಡತಿಯ ಗರ್ಭ ನಿಲ್ಲಲೆಂದು ಗಂಡನಿಗೆ ಪಥ್ಯ ಮಾಡಿಸಿದ ಮನೆ ನಮ್ಮದೊಂದೇ ಇದ್ದೀತು.

ಗುಟ್ಟಿನ ಕಾರಣಕ್ಕೆ ನರ್ಸ್ ಕರೆಸುವಂತಿರಲಿಲ್ಲ, ಇಂಜೆಕ್ಷನ್ ನಾನೇ ಮಾಡಬೇಕಾಗಿತ್ತು. ಎಲ್ಲಿ ಚುಚ್ಚಬೇಕು, ಹೇಗೆ ಎಂಬುದನ್ನು ಪುಣೆಯ ಆಸ್ಪತ್ರೆಯವರು ತೋರಿಸಿ ಕಳಿಸಿದ್ದರು. ಕೈ ಕುದುರಲು ಬದನೆಕಾಯಿಯ ಮೇಲೆ ಅಭ್ಯಾಸ ಮಾಡಿರಿ ಎಂದವರು ಕಾಕಾ. ಅಡುಗೆಮನೆಯಿಂದ ಬದನೆಕಾಯಿ ಒಯ್ದು, ಚುಚ್ಚಿ, ಬುಟ್ಟಿಯಲ್ಲಿ ತಿರುಗಿ ಇಡುತ್ತಿದ್ದೆ. ಅವ್ವ ಆ ತೂತುಗಳನ್ನು ನೋಡಿ, ಹುಳ ಬಿದ್ದ ಕಾಯಿ ಮಾರುತ್ತೀ ಎಂದು ಕಾಯಿಪಲ್ಯದವಳ ಜೊತೆ ದೊಡ್ಡ ಜಗಳ ತೆಗೆದಳು. ಎಣ್ಣೆಯ ಔಷಧ ದಪ್ಪ, ಚುಚ್ಚುವ ಮೊದಲು ಅದನ್ನು ಕಂಕುಳಲ್ಲಿ ಇಟ್ಟು ಬೆಚ್ಚಗೆ ಮಾಡಬೇಕಾಗಿತ್ತು. ಒಂದು ತೋಳನ್ನು ಪಕ್ಕೆಗೆ ಒತ್ತಿಕೊಂಡು ನಾನು ಮನೆಯೊಳಗೆ ತಿರುಗುವುದನ್ನು ಕಂಡು, ರೋಗ ಈಗ ತೋಳಿಗೂ ಏರಿತು ಎಂದು ಅವ್ವ ಮರುಗಿದಳು. ಸುಮಂಗಲಾ ಮಂಚದ ಮೇಲೆ ಬೋರಲು ಮಲಗಿ ಅಂದಿನ ನನ್ನ ವರದಿ ಓದುತ್ತಿದ್ದಳು. ನಾನು ಚುಚ್ಚುವ ಹೊತ್ತಿಗೆ ಸರಿಯಾಗಿ ಅದರಲ್ಲಿ ಒಂದು ತಪ್ಪು ಹುಡುಕಿ ಹೇಳುತ್ತಿದ್ದಳು. ನೋವಿಗೆ ಅವಳು ಕಂಡುಕೊಂಡ ಉಪಾಯ ಅದು. ತಪ್ಪು ಹುಡುಕಲು ಅವಳಿಗೆ ಎಂದೂ ಕಷ್ಟವಾಗಲಿಲ್ಲ.

ಪುಣೆಗೆ ಹೋಗಿ ಭ್ರೂಣ ಇಡಿಸಿಕೊಂಡು ಬಂದ ಮೇಲಿನ ಪರೀಕ್ಷೆಯಲ್ಲಿ ಗರ್ಭ ನಿಂತದ್ದು ಗೊತ್ತಾಯಿತು. ಕಾಕಾಗೆ ಹೇಳಲು ಹೋದೆ. ಅವರು ಮುಖ ನೋಡಿಯೇ ತಿಳಿದುಕೊಂಡು, ಬೇರೆ ಯಾರದೋ ಕೆಮ್ಮಿನ ಬಗ್ಗೆ ಕೂಗಾಡಿದರು.

ಅದಾದ ಸ್ವಲ್ಪ ದಿನಕ್ಕೆ ಲಾರಿ ಮುಷ್ಕರ ಶುರುವಾಯಿತು. ಮೊದಲ ದಿನ ನಾನು ಕಳಿಸಿದ ವರದಿ ಈಗಲೂ ನೆನಪಿದೆ: ಬೈಲಹೊಂಗಲದಲ್ಲಿ ಮುಷ್ಕರ ಶಾಂತಿಯುತ, ಜನಜೀವನದ ಮೇಲೆ ಯಾವುದೇ ಪರಿಣಾಮವಿಲ್ಲ. ವಾರ ಮುಗಿಯುವಷ್ಟರಲ್ಲಿ ನಮ್ಮ ಕಪಾಟಿನಲ್ಲಿ ಎರಡು ಇಂಜೆಕ್ಷನ್ ಉಳಿದಿದ್ದವು. ಕಾಕಾ ಅಂಗಡಿಯಲ್ಲಿ ಒಂದೂ ಇರಲಿಲ್ಲ, ಬೆಳಗಾವಿಯ ಸಗಟು ವ್ಯಾಪಾರಿಯಲ್ಲೂ ಇರಲಿಲ್ಲ. ಪುಣೆಗೆ ಫೋನ್ ಮಾಡಿದರೆ, ತಪ್ಪಿಸುವಂತಿಲ್ಲ ಎಂಬ ಒಂದೇ ಮಾತು. ಆ ಸಂಜೆ ಸುಮಂಗಲಾ ನನ್ನ ವರದಿಯನ್ನು ಓದಲಿಲ್ಲ. ಪತ್ರಿಕೆ ಮಡಿಸಿ ಪಕ್ಕಕ್ಕಿಟ್ಟು ಗೋಡೆ ನೋಡುತ್ತ ಮಲಗಿದ್ದಳು.

ಬೆಳಗಾಗುತ್ತಲೇ ಕಾಕಾ ಅಂಗಡಿಗೆ ಓಡಿದೆ. ಅಂಗಡಿ ಮುಚ್ಚಿತ್ತು. ಅದು ಮುಚ್ಚಿದ್ದನ್ನು ನಾನು ಕಂಡದ್ದು ಅದೇ ಮೊದಲು. ನೆರೆಯ ಕಿರಾಣಿಯವರು, ಕಾಕಾನ ಎಮ್ಮೆಗೆ ಮೈಯಲ್ಲಿ ಆರಾಮಿಲ್ಲವಂತೆ, ಸ್ಕೂಟರ್ ಹತ್ತಿ ಹೋದರು ಎಂದರು.

ನಾನು ಸವದತ್ತಿಯಲ್ಲೂ ಕಿತ್ತೂರಿನಲ್ಲೂ ಇಂಜೆಕ್ಷನ್ ತರಿಸಿಡಲು ಹೇಳಿದ್ದೆನಲ್ಲ, ರಾಮದುರ್ಗದ ಆ ದಿನದ ನಂತರ ಅವನ್ನು ಒಯ್ಯಲು ಹೋಗಲೇ ಇಲ್ಲ. ನನಗೆ ಅದು ಮರೆತೇ ಹೋಗಿತ್ತು. ಕಾಕಾಗೆ ಮರೆತಿರಲಿಲ್ಲ. ಬಿಸಿಲಿಳಿಯುವ ಹೊತ್ತಿಗೆ ಮೈಯೆಲ್ಲ ಧೂಳಾಗಿ ನಮ್ಮ ಮನೆಗೇ ಬಂದರು. ಕಿತ್ತೂರಿನವನು ಎಲ್ಲವನ್ನೂ ಜೋಪಾನವಾಗಿ ಇಟ್ಟಿದ್ದನಂತೆ. ಸವದತ್ತಿಯವನು ಕೆಲವನ್ನು ನಿಜವಾದ ಒಂದು ಎಮ್ಮೆಗೆ ಕೊಟ್ಟುಬಿಟ್ಟಿದ್ದನಂತೆ. ಕಾಕಾ ಅದಕ್ಕಾಗಿ ಅವನನ್ನು ಬೈದು, ಆ ಎಮ್ಮೆಯ ಆರೋಗ್ಯವನ್ನೂ ವಿಚಾರಿಸಿ, ಉಳಿದದ್ದನ್ನು ತಂದಿದ್ದರು. ಲಾರಿಗಳು ಓಡುವವರೆಗೆ ಅಷ್ಟು ಸಾಕಾಯಿತು.

ಅವ್ವ ಎದುರಿಗಿದ್ದಳು. ಕಾಕಾ ಪೊಟ್ಟಣ ನನ್ನ ಕೈಯಲ್ಲಿಟ್ಟು, ‘ಹಚ್ಚಿಕೋರಿ, ಒಂದು ದಿನಾನೂ ತಪ್ಪಸಬ್ಯಾಡ್ರಿ,’ ಎಂದು ಕೂಗಿದರು. ಹೊರಗೆ ಬಂದ ಮೇಲೆ ಆ ಸಣ್ಣ ದನಿಯಲ್ಲಿ, ‘ನಿಮ್ಮ ಹುಚ್ಚುತನ ಉಪಯೋಗಕ್ಕ ಬಂತು ನೋಡ್ರಿ. ಶ್ಯಾಣ್ಯಾ ಆಗಿದ್ರ ಇವತ್ತ ಕೆಲಸ ಕೆಡತಿತ್ತು,’ ಎಂದರು. ನನ್ನ ಕೆಲಸದ ಬಗ್ಗೆ ನನಗೆ ಸಿಕ್ಕ ಪ್ರಶಂಸೆಗಳಲ್ಲಿ ಇದನ್ನು ಮೊದಲಿಗೆ ಇಡುತ್ತೇನೆ.

ಮಗಳು ಹುಟ್ಟಿದ ದಿನ ಕಾಕಾ ನಾಲ್ಕೂ ಊರಿನ ಔಷಧ ಅಂಗಡಿಗಳಿಗೆ ಪೇಡೆ ಹಂಚಿದರು. ಎಮ್ಮೆ ಈದಿದೆ, ಹೆಣ್ಣುಗರು, ಎರಡೂ ಆರಾಮ ಇವೆ ಎಂದು ಗಲ್ಲಾದ ಮೇಲಿಂದ ಸಾರಿದರು. ಎಮ್ಮೆ ಈದದ್ದಕ್ಕೆ ಧಾರವಾಡ ಪೇಡೆ ಹಂಚುವವರನ್ನು ಯಾರೂ ಕಂಡಿರಲಿಲ್ಲ. ಸುಮಂಗಲಾಗೆ ಇದನ್ನು ಹೇಳಿದಾಗ ಹೊಲಿಗೆ ನೋಯುವಷ್ಟು ನಕ್ಕಳು. ನಾಲ್ಕು ಊರಿನಲ್ಲಿ ತನ್ನಷ್ಟು ಹೆಸರಾದ ಎಮ್ಮೆ ಇಲ್ಲ ಎಂದಳು.

ನಾನು ಹೆದರಿದ್ದ ಮಾತು ತೊಟ್ಟಿಲಿಗೆ ಹಾಕುವ ದಿನ ಬಂದೇ ಬಂತು. ಹೆಂಗಸರು ಜೋಗುಳ ಹಾಡಿ ಮುಗಿಸಿದ್ದರು. ನನ್ನ ಕಡೆಯ ಒಬ್ಬ ಅತ್ತೆ ಬಗ್ಗಿ ಕೂಸಿನ ಮುಖವನ್ನು ಬಹಳ ಹೊತ್ತು ನೋಡಿದಳು. ‘ಯಾರಂಗ ಐತ್ಯೋ ಇದು? ಈ ಮೂಗು ನಮ್ಮ ಮನ್ಯಾಗ ಯಾರಿಗೂ ಇಲ್ಲಲ,’ ಎಂದಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಸುಮಂಗಲಾಳ ಕೈ ತೊಟ್ಟಿಲ ಹಗ್ಗದ ಮೇಲೆ ಹಾಗೇ ನಿಂತಿತು. ಈ ಸಲ ನನ್ನ ಬಾಯಿಂದ ಎಮ್ಮೆ ಕೂಡ ಹೊರಡಲಿಲ್ಲ.

ಪಡಸಾಲೆಯಲ್ಲಿ ಗಂಡಸರ ಪಂಕ್ತಿಯಲ್ಲಿ ಕೂತಿದ್ದ ಕಾಕಾ ಕೂಸನ್ನು ಇನ್ನೂ ನೋಡಿಯೇ ಇರಲಿಲ್ಲ. ಅಲ್ಲಿಂದಲೇ ಕೂಗಿದರು: ‘ನಿಮ್ಮ ಮನ್ಯಾಗ ಎಲ್ಲಿಂದ ಬರಬೇಕ್ರಿ ಯಕ್ಕಾ ಅದು? ಥೇಟ್ ಅವ್ವನ ಮೂಗ ಐತಿ. ಟೀಚರ ಮುಖ ನೋಡ್ರಿ ಒಮ್ಮೆ.’

ಎಲ್ಲರೂ ಸುಮಂಗಲಾಳ ಮುಖ ನೋಡಿದರು. ಅತ್ತೆಯೂ ನೋಡಿದಳು. ಹೌದಲ್ಲ, ಥೇಟ್ ತಾಯಿ ಎಂದಳು. ಅಂದಿನಿಂದ ನಮ್ಮ ಬಳಗದಲ್ಲಿ ಆ ಮೂಗಿನ ಬಗ್ಗೆ ಎರಡನೇ ಅಭಿಪ್ರಾಯವಿಲ್ಲ. ವಿಚಿತ್ರವೆಂದರೆ ಈಗ ನನಗೂ ಹಾಗೇ ಕಾಣುತ್ತದೆ.

ಕಾಕಾ ತೀರಿಕೊಂಡಾಗ ಮಗಳು ಶಾಲೆಗೆ ಹೋಗುತ್ತಿದ್ದಳು. ಅವಳಿಗೆ ಎಲ್ಲವನ್ನೂ ನಾವು ಹೇಳಿದ್ದು ಅವಳು ದೊಡ್ಡವಳಾದ ಮೇಲೆ, ಈ ಬರಹವನ್ನು ಮೊದಲು ಓದಿ ಅಚ್ಚಿಗೆ ಬಿಟ್ಟವಳೂ ಅವಳೇ. ಆಗ ಮಾತ್ರ ಅವಳಿಗೆ ಏನೂ ಗೊತ್ತಿರಲಿಲ್ಲ. ಅವಳನ್ನು ಕರೆದುಕೊಂಡು ಅವರ ಮನೆಗೆ ಮಾತಾಡಿಸಲು ಹೋಗಿದ್ದೆ. ಪಡಸಾಲೆಯಲ್ಲಿ ಜನ ತುಂಬಿದ್ದರು. ರಾಮದುರ್ಗದ ಅಂಗಡಿಯ ಮಾಲೀಕರೂ ಬಂದಿದ್ದರು. ಸ್ವಲ್ಪ ಹೊತ್ತು ಕೂತು, ಕಾಕಾನ ಮಗನನ್ನು, ಅಪ್ಪಗೆ ಎಮ್ಮೆಯ ಮೇಲೆ ಭಾಳ ಜೀವ ಇತ್ತು, ಅದನ್ನು ಈಗ ಯಾರು ನೋಡಿಕೊಳ್ಳುತ್ತೀರಿ ಎಂದು ಕೇಳಿದರು.

ಮಗ ಕಕ್ಕಾಬಿಕ್ಕಿಯಾದರು. ‘ನಮ್ಮ ಮನ್ಯಾಗ ಎಮ್ಮೀನ ಇರಲಿಲ್ಲಲ್ರಿ,’ ಎಂದರು. ಕಾಕಾ ಮನೆಯವರಿಗೂ ಹೇಳಿರಲಿಲ್ಲ.

ರಾಮದುರ್ಗದವರು ನನ್ನ ಕಡೆ ತಿರುಗಿದರು. ಪಡಸಾಲೆಯ ಜನರೂ ತಿರುಗಿದರು. ಕೂಗುವವರು ಈಗ ಒಳಗಿನ ಗೋಡೆಯ ಮೇಲೆ ಹಾರ ಹಾಕಿಸಿಕೊಂಡು, ಹಣೆಯ ಮೇಲೆ ಕನ್ನಡಕ ಏರಿಸಿ ಕೂತಿದ್ದರು.

‘ಎಮ್ಮಿ ನನಗ ಕೊಟ್ಟಾರ್ರಿ,’ ಎಂದೆ. ನನ್ನ ದನಿ ನನಗೇ ಅಪರಿಚಿತವಾಗುವಷ್ಟು ದೊಡ್ಡದಾಗಿತ್ತು. ‘ಎಮ್ಮಿನೂ ಚಲೋ ಐತಿ, ಕರಾನೂ ಚಲೋ ಬೆಳದೈತಿ. ನನ್ನ ಮೂಲವ್ಯಾಧಿನೂ ಆರಾಮ ಆತು.’

ಎಲ್ಲರಿಗೂ ಸಮಾಧಾನವಾಯಿತು. ಮಗಳೊಬ್ಬಳನ್ನು ಬಿಟ್ಟು. ದಾರಿಯುದ್ದಕ್ಕೂ ಏನೋ ಲೆಕ್ಕ ಹಾಕುತ್ತ ನನ್ನ ಕೈ ಹಿಡಿದು ಬಂದಳು. ಮನೆಯಲ್ಲಿ ಸುಮಂಗಲಾ ಶಾಲೆಯ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದಳು. ಮಗಳು ಹಿತ್ತಲಿಗೆ ಹೋಗಿ ನೋಡಿ ಬಂದು ಅವಳೆದುರು ನಿಂತಳು.

‘ಅವ್ವಾ, ಕಾಕಾ ಅಜ್ಜ ಅಪ್ಪಗ ಕೊಟ್ಟ ಎಮ್ಮಿ ಎಲ್ಲೈತಿ?’

ಸುಮಂಗಲಾ ತಲೆ ಎತ್ತಲಿಲ್ಲ. ಕೆಂಪು ಪೆನ್ನಿನಿಂದ ಒಂದು ತಪ್ಪಿಗೆ ಗೆರೆ ಎಳೆದು ಹೇಳಿದಳು:

‘ನಿನ್ನ ಮುಂದ ಕುಂತೈತಿ.’